ವಿಮಾನವಿದ್ಯೆಗೆ ವಿದ್ಯಾಪೀಠದ ಆಸರೆ

ಪದವಿಪೂರ್ವ ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದ ಮರುದಿನದಿಂದ ನಮ್ಮ ನಾಡಿನ ಮನೆಮನೆಗಳಲ್ಲಿಯೂ ಮಕ್ಕಳ ಮುಂದಿನ ವ್ಯಾಸಂಗದ ಚರ್ಚೆಯು ಆರಂಭವಾಗುವುದು ಪ್ರತಿವರ್ಷದ ವಾಡಿಕೆ. ವೈದ್ಯನಾಗಬೇಕೆನ್ನುವ ಹುಡುಗನಿಗೆ ವೈದ್ಯಕೀಯ ಕಾಲೇಜು ಎಲ್ಲಿದೆಯೆಂದು ಯಾರಾದರೂ ಹೇಳಬಲ್ಲರು. ಇಂಜಿನಿಯರಾಗಬೇಕೆನ್ನುವ ಹುಡುಗಿಗೆ ಹತ್ತಾರು ಕಾಲೇಜುಗಳ ಹೆಸರನ್ನು ಬೆರಳು ಮಡಿಸಿ ಎಣಿಸಬಲ್ಲರು. ವಕೀಲಿ, ಉಪಾಧ್ಯಾಯ ವೃತ್ತಿ, ಕೃಷಿ, ಪಶುವೈದ್ಯ ಇವುಗಳಲ್ಲಿ ಯಾವುದಕ್ಕೇ ಆಗಲಿ ಪ್ರವೇಶ ಪರೀಕ್ಷೆ, ಸರಕಾರದ ಸೀಟು, ಶುಲ್ಕದ ವಿನಾಯಿತಿ, ವಿದ್ಯಾರ್ಥಿವೇತನ ಎಂಬ ಮೆಟ್ಟಿಲುಗಳು ಹೇಗೋ ಒಂದು ಬಗೆಯಾಗಿ ಏರ್ಪಟ್ಟಿವೆ. ಆದರೆ ಒಬ್ಬ ಬುದ್ಧಿವಂತ ಹುಡುಗನು ತಾನು ವೈಮಾನಿಕನಾಗುವೆನೆಂದು ಹೇಳಿದನೆನ್ನಿ. ಅವನ ತಂದೆಗೆ ದೊರೆಯುವ ಉತ್ತರವು ಕಾಲೇಜಿನ ಹೆಸರಲ್ಲ, ಹಣದ ಮೊತ್ತ. ಆ ಮೊತ್ತವು ಇಂದು ಅರ್ಧ ಕೋಟಿ ರೂಪಾಯಿಗಳ ಆಸುಪಾಸಿನಲ್ಲಿದೆ. ಅಲ್ಲಿಗೆ ಚರ್ಚೆಯು ಮುಗಿಯುತ್ತದೆ. ಹುಡುಗನು ಬೇರೆ ಅರ್ಜಿಯನ್ನು ತುಂಬುತ್ತಾನೆ.

ಈ ಸ್ಥಿತಿಯು ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲವೆಂದು ನಾವು ಭಾವಿಸುತ್ತೇವೆ. ವಿಮಾನ ನಡೆಸುವುದು ಶ್ರೀಮಂತರ ವಿನೋದವಾಗಿದ್ದ ಕಾಲವೊಂದಿತ್ತು. ೧೯೨೯ರ ಫೆಬ್ರವರಿಯಲ್ಲಿ ಭಾರತದಲ್ಲಿ ಮೊದಲನೆಯ ವೈಮಾನಿಕ ಲೈಸೆನ್ಸನ್ನು ಪಡೆದ ಜೆ.ಆರ್.ಡಿ. ತಾತಾ ಅವರು ದೇಶದ ಅತ್ಯಂತ ಧನಿಕ ಮನೆತನಗಳೊಂದರಲ್ಲಿ ಹುಟ್ಟಿದವರೆಂಬುದು ಆಕಸ್ಮಿಕವಲ್ಲ. ಆದರೆ ಇಂದು ಸಾಮಾನ್ಯ ಗುಮಾಸ್ತನೂ ಕಾಯಿಲೆಯ ತಾಯಿಯನ್ನು ನೋಡುವುದಕ್ಕೆ ವಿಮಾನವನ್ನೇರುತ್ತಾನೆ. ಸಾರ್ವಜನಿಕರೆಲ್ಲರ ಪ್ರಾಣವು ಯಾರ ಕೈಯಲ್ಲಿದೆಯೋ ಅವರನ್ನು ಆರಿಸುವ ಜರಡಿಯು ಯೋಗ್ಯತೆಯಾಗಿರಬೇಕೇ ಹೊರತು ತಂದೆಯ ಆಸ್ತಿಯಾಗಿರಬಾರದು. ವಿಮಾನವಿದ್ಯೆಯನ್ನು ಇತರ ವಿದ್ಯೆಗಳಂತೆ ಕಾಲೇಜಿನ ವಿದ್ಯೆಯನ್ನಾಗಿ ಮಾಡುವುದೂ, ಅದರ ವೆಚ್ಚವನ್ನು ಸಮಾಜವು ಮೊದಲು ಹೊತ್ತು ಅನಂತರ ಕಲಿತವನಿಂದಲೇ ಹಿಂದಕ್ಕೆ ಪಡೆಯುವುದೂ ಈ ಕಾಲದ ಅವಶ್ಯಕತೆಯಾಗಿದೆ. ಈ ಎರಡು ಮಾತುಗಳೂ ಕೂಡಿಯೇ ನಡೆಯಬೇಕು. ಒಂದನ್ನು ಹಿಡಿದು ಮತ್ತೊಂದನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಅಮೇರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯೇ ಸಾಕ್ಷಿ. ಆ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಲು ಇಚ್ಛಿಸುತ್ತೇವೆ.

ವಿಶ್ವವಿದ್ಯಾನಿಲಯಕ್ಕೂ ವಿಮಾನಕ್ಕೂ ಮೊದಲು ಗಂಟುಹಾಕಿದ ಕೀರ್ತಿಯಲ್ಲಿ ದೊಡ್ಡ ಪಾಲು ಅಮೇರಿಕದವರದು. ಇಂಡಿಯಾನಾ ಸಂಸ್ಥಾನದ ಪರ್ಡ್ಯೂ ವಿಶ್ವವಿದ್ಯಾನಿಲಯವು ೧೯೩೦ರ ದಶಕದಲ್ಲಿಯೇ ತನ್ನದೇ ಆದ ವಿಮಾನ ನಿಲ್ದಾಣವನ್ನು ಹೊಂದಿತ್ತು. ಅಟ್ಲಾಂಟಿಕ್ ಸಾಗರವನ್ನು ಒಬ್ಬಳೇ ದಾಟಿದ ವೀರಮಹಿಳೆ ಅಮೇಲಿಯಾ ಇಯರ್‌ಹಾರ್ಟ್ ೧೯೩೫ರಲ್ಲಿ ಅಲ್ಲಿಗೆ ಬಂದು, ವಿದ್ಯಾರ್ಥಿನಿಯರಿಗೆ ವೃತ್ತಿಯ ವಿಚಾರದಲ್ಲಿ ಸಲಹೆಗಾರ್ತಿಯಾಗಿಯೂ ವಿಶ್ವವಿದ್ಯಾನಿಲಯಕ್ಕೆ ವಿಮಾನಶಾಸ್ತ್ರದಲ್ಲಿ ಸಲಹೆಗಾರ್ತಿಯಾಗಿಯೂ ಕೆಲಸಮಾಡಿದರು. ಆದರೆ ಒಂದೆರಡು ವಿದ್ಯಾಪೀಠಗಳ ಸಾಹಸದಿಂದ ದೇಶಕ್ಕೆ ವೈಮಾನಿಕರು ಸಾಕಾಗುವಷ್ಟು ಹುಟ್ಟುವುದಿಲ್ಲ. ಅದಕ್ಕೆ ಸರಕಾರವೇ ಕೈಹಾಕಬೇಕಾಯಿತು.

೧೯೩೮ರ ಡಿಸೆಂಬರಿನಲ್ಲಿ, ಯೂರೋಪಿನ ಮೇಲೆ ಯುದ್ಧದ ಕಾರ್ಮೋಡಗಳು ಕವಿಯುತ್ತಿದ್ದಾಗ, ಅಧ್ಯಕ್ಷ ರೂಸ್‌ವೆಲ್ಟರು ವರ್ಷಕ್ಕೆ ೨೦,೦೦೦ ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ವಿಮಾನ ನಡೆಸುವುದನ್ನು ಕಲಿಸುವ ಯೋಜನೆಯೊಂದನ್ನು ಸಾರಿದರು. ಮರುವರ್ಷ ಹದಿಮೂರು ಕಾಲೇಜುಗಳಲ್ಲಿ ೩೩೦ ವಿದ್ಯಾರ್ಥಿಗಳೊಡನೆ ಪ್ರಯೋಗವು ನಡೆಯಿತು. ಅದೇ ೧೯೩೯ರಲ್ಲಿ ಕಾಯಿದೆಯೂ ಆಯಿತು. ಏರ್ಪಾಡು ಸರಳವಾಗಿತ್ತು. ಕಾಲೇಜು ತನ್ನ ಕೊಠಡಿಗಳಲ್ಲಿ ಹವಾಮಾನ, ದಿಕ್ಕು ನಿರ್ಣಯ, ವಿಮಾನದ ಯಂತ್ರ, ವಾಯುಸಂಚಾರದ ನಿಯಮಗಳನ್ನು ೭೨ ಗಂಟೆಗಳ ಕಾಲ ಪಾಠ ಹೇಳಬೇಕು. ಪಕ್ಕದ ವಿಮಾನ ನಿಲ್ದಾಣದಲ್ಲಿರುವ ಹಾರಾಟದ ಶಾಲೆಯು ೩೫ರಿಂದ ೫೦ ಗಂಟೆಗಳಷ್ಟು ಹಾರಾಟವನ್ನು ಕಲಿಸಬೇಕು. ಇಬ್ಬರಿಗೂ ಹಣವನ್ನು ಸರಕಾರ ಕೊಡಬೇಕು. ವಿದ್ಯಾರ್ಥಿಯು ತೆರಬೇಕಾದದ್ದು ಅತ್ಯಲ್ಪ ಶುಲ್ಕ. ೧೯೪೪ರಲ್ಲಿ ಯೋಜನೆಯು ಮುಗಿಯುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳು ಅದರಲ್ಲಿ ಸೇರಿದ್ದವು, ೪,೩೫,೦೦೦ಕ್ಕೂ ಮೇಲ್ಪಟ್ಟು ಜನರು ತರಬೇತಿಯನ್ನು ಪಡೆದಿದ್ದರು. ೧೯೬೨ರಲ್ಲಿ ಭೂಮಿಯನ್ನು ಸುತ್ತಿದ ಮೊದಲನೆಯ ಅಮೇರಿಕದವರಾದ ಜಾನ್ ಗ್ಲೆನ್ ಅವರು ಹಾರುವುದನ್ನು ಕಲಿತದ್ದು ಒಹಾಯೋದ ಒಂದು ಸಣ್ಣ ಕಾಲೇಜಿನಲ್ಲಿ, ಇದೇ ಯೋಜನೆಯ ಅಡಿಯಲ್ಲಿ.

ಸಂಖ್ಯೆಗಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಆ ಕಾಯಿದೆಯಲ್ಲಿ ವರ್ಣ, ಮತ, ಜನಾಂಗಗಳ ಕಾರಣದಿಂದ ಯಾರಿಗೂ ಈ ಶಿಕ್ಷಣವನ್ನು ನಿರಾಕರಿಸಕೂಡದೆಂಬ ನಿಬಂಧನೆಯಿತ್ತು. ಅಲ್ಲಿಯ ಸೈನ್ಯದ ಅಧಿಕಾರಿಗಳು ೧೯೨೫ರಷ್ಟು ಹಿಂದೆಯೇ ಕರಿಯ ಜನರು ಬುದ್ಧಿಯಲ್ಲಿಯೂ ಧೈರ್ಯದಲ್ಲಿಯೂ ಕೀಳೆಂದು ಒಂದು ವರದಿಯನ್ನೇ ಬರೆದಿಟ್ಟಿದ್ದರು. ಸೈನ್ಯದ ವಿಮಾನದಳದ ಬಾಗಿಲು ಆ ಜನಕ್ಕೆ ಮುಚ್ಚಿತ್ತು. ಆದರೆ ಕಾಲೇಜಿನ ಬಾಗಿಲು ತೆರೆಯಿತು. ಅಲಬಾಮಾದ ಟಸ್ಕೀಗೀ ವಿದ್ಯಾಲಯವು, ಗುಲಾಮನಾಗಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ ಅವರು ೧೮೮೧ರಲ್ಲಿ ಕಟ್ಟಲಾರಂಭಿಸಿದ ವಿದ್ಯಾಲಯವು, ೧೯೩೯ರಲ್ಲಿ ಈ ಯೋಜನೆಯನ್ನು ಸೇರಿತು. ತಾನಾಗಿಯೇ ವಿಮಾನವನ್ನು ಕೊಂಡು ಕಲಿತ ಚಾರ್ಲ್ಸ್ ಆಲ್ಫ್ರೆಡ್ ಆಂಡರ್ಸನ್ ಎಂಬ ಕರಿಯ ವೈಮಾನಿಕರು ಅಲ್ಲಿ ಮುಖ್ಯ ಶಿಕ್ಷಕರಾದರು. ೧೯೪೧ರ ಮಾರ್ಚಿನಲ್ಲಿ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟರು ಅಲ್ಲಿಗೆ ಹೋಗಿ, ಜೊತೆಯವರು ಬೇಡವೆಂದು ತಡೆದರೂ ಕೇಳದೆ, ಆಂಡರ್ಸನ್ನರ ವಿಮಾನದಲ್ಲಿ ಕುಳಿತು ಹಾರಿದರು. ಆ ಒಂದು ಹಾರಾಟದ ಚಿತ್ರವು ಸಾವಿರ ಭಾಷಣಗಳಿಗೆ ಸಮನಾಯಿತು. ಅದೇ ವರ್ಷ ಟಸ್ಕೀಗೀಯಲ್ಲಿ ಸೈನ್ಯದ ವೈಮಾನಿಕ ಶಿಕ್ಷಣವೂ ಮೊದಲಾಯಿತು; ಅಲ್ಲಿಂದ ಹೊರಟವರು ಯೂರೋಪಿನ ಆಕಾಶದಲ್ಲಿ ಹೋರಾಡಿ ಹೆಸರು ಪಡೆದರು; ೧೯೪೮ರ ಜುಲೈಯಲ್ಲಿ ಅಧ್ಯಕ್ಷ ಟ್ರೂಮನ್ನರು ಸೈನ್ಯದಲ್ಲಿಯ ವರ್ಣಭೇದವನ್ನು ತೊಡೆದುಹಾಕುವ ಆಜ್ಞೆಯನ್ನು ಹೊರಡಿಸಿದರು. ಒಂದು ಜನಾಂಗವು ಅಯೋಗ್ಯವೆಂಬ ಸುಳ್ಳನ್ನು ವಾದದಿಂದಲ್ಲ, ವಿದ್ಯೆಯಿಂದ ಮುರಿಯಲಾಯಿತು. ಪರರ ಆಳ್ವಿಕೆಯಲ್ಲಿ ಇಂಥದೇ ಮಾತುಗಳನ್ನು ಕೇಳಿ ಬೆಳೆದ ನಮ್ಮ ದೇಶಕ್ಕೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಯೋಜನೆಯು ದೋಷವಿಲ್ಲದ್ದೆಂದು ನಾವು ಹೇಳುವುದಿಲ್ಲ. ಹತ್ತು ಮಂದಿ ಗಂಡಸರಿಗೆ ಒಬ್ಬ ಹೆಂಗಸೆಂಬ ಲೆಕ್ಕದಲ್ಲಿ ಸ್ತ್ರೀಯರಿಗೆ ಅವಕಾಶ ಕೊಟ್ಟಿದ್ದು, ೧೯೪೧ರಲ್ಲಿ ಯುದ್ಧದ ನೆಪದಿಂದ ಅದನ್ನೂ ಕಸಿದುಕೊಂಡರು. ವಿದ್ಯಾದಾನಕ್ಕಿಂತ ಯುದ್ಧದ ಸಿದ್ಧತೆಯೇ ಸರಕಾರದ ಮನಸ್ಸಿನಲ್ಲಿ ಮೇಲಾಗಿತ್ತು. ಆದಕಾರಣವೇ ಯುದ್ಧದ ಅಗತ್ಯವು ತೀರುತ್ತಲೂ ಹಣವೂ ನಿಂತಿತು. ಈ ಕೊನೆಯ ಸಂಗತಿಯ ಫಲವನ್ನು ಆ ದೇಶವು ಇಂದಿಗೂ ಉಣ್ಣುತ್ತಿದೆ.

ಯುದ್ಧಾನಂತರ ಕಾಲೇಜುಗಳಲ್ಲಿಯ ವಿಮಾನವಿದ್ಯೆಯು ಅಳಿಯಲಿಲ್ಲ, ಮತ್ತಷ್ಟು ಬೆಳೆಯಿತು. ಹಿಮದ ನಾಡಾದ ಉತ್ತರ ಡಕೋಟಾದ ವಿಶ್ವವಿದ್ಯಾನಿಲಯದಲ್ಲಿ ಜಾನ್ ಓಡೆಗಾರ್ಡ್ ಎಂಬವರು ೧೯೬೮ರಲ್ಲಿ ಎರಡೇ ವಿಮಾನಗಳೊಡನೆ ಆರಂಭಿಸಿದ ವಿಭಾಗವು ಇಂದು ಆ ದೇಶದ ಅತಿದೊಡ್ಡ ವೈಮಾನಿಕ ವಿದ್ಯಾಸಂಸ್ಥೆಗಳಲ್ಲಿ ಒಂದಾಗಿದೆ. ಫ್ಲಾರಿಡಾದ ಡೇಟೋನಾ ಬೀಚಿನಲ್ಲಿರುವ ಎಂಬ್ರಿ–ರಿಡಲ್ ವಿಶ್ವವಿದ್ಯಾನಿಲಯವು ವಿಮಾನಕ್ಕೆ ಸಂಬಂಧಪಟ್ಟ ವಿದ್ಯೆಗಳಿಗೇ ಮೀಸಲಾದದ್ದು. ಇಂಥ ಕಡೆಗಳಲ್ಲಿ ಸೇರಿದ ವಿದ್ಯಾರ್ಥಿಯು ಬೆಳಗ್ಗೆ ಗಣಿತ, ಭೌತಶಾಸ್ತ್ರ, ಹವಾಮಾನಶಾಸ್ತ್ರಗಳ ತರಗತಿಗಳಲ್ಲಿ ಕುಳಿತು, ಮಧ್ಯಾಹ್ನ ಶಿಕ್ಷಕನೊಡನೆ ವಿಮಾನವನ್ನೇರುತ್ತಾನೆ. ಮೊದಲು ಖಾಸಗಿ ಲೈಸೆನ್ಸು. ಅನಂತರ ಮೋಡದಲ್ಲಿ ಹೊರಗಿನದೇನೂ ಕಾಣದಿರುವಾಗ ಕೇವಲ ಉಪಕರಣಗಳನ್ನು ನೋಡಿ ಹಾರುವ ಯೋಗ್ಯತೆ. ಅನಂತರ ವಾಣಿಜ್ಯ ಲೈಸೆನ್ಸು. ಒಂದಕ್ಕಿಂತ ಹೆಚ್ಚು ಎಂಜಿನುಗಳ ವಿಮಾನ. ಕೊನೆಗೆ ಇತರರಿಗೆ ಕಲಿಸುವ ಅಧಿಕಾರ. ನಾಲ್ಕು ವರ್ಷಗಳ ಕೊನೆಗೆ ಕೈಯಲ್ಲಿ ಪದವಿಯೂ ಇರುತ್ತದೆ, ಲೈಸೆನ್ಸೂ ಇರುತ್ತದೆ. ಪದವೀಧರನು ತಾನು ಕಲಿತ ಶಾಲೆಯಲ್ಲಿಯೇ ಕಿರಿಯರಿಗೆ ಕಲಿಸುತ್ತ ಹಾರಾಟದ ಗಂಟೆಗಳನ್ನು ಕೂಡಿಹಾಕಿ ವಿಮಾನ ಕಂಪನಿಯ ಬಾಗಿಲಿಗೆ ಹೋಗುತ್ತಾನೆ.

ಇಲ್ಲಿ ಒಂದು ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಕಾರು ಓಡಿಸುವವನಿಗೆ ಪದವಿ ಬೇಡ. ವಿಮಾನ ನಡೆಸುವವನಿಗೆ ಏಕೆ? ಇದಕ್ಕೆ ಒಂದು ದುರಂತದಿಂದ ಹುಟ್ಟಿದ ಕಾನೂನೇ ಉತ್ತರವನ್ನು ಹೇಳುತ್ತದೆ. ೨೦೦೯ರ ಫೆಬ್ರವರಿ ೧೨ರ ರಾತ್ರಿ ನ್ಯೂಯಾರ್ಕ್ ಸಂಸ್ಥಾನದ ಬಫಲೋ ನಗರದ ಸಮೀಪದಲ್ಲಿ ಪ್ರಯಾಣಿಕರ ವಿಮಾನವೊಂದು ಬಿದ್ದು, ವಿಮಾನದೊಳಗಿದ್ದ ೪೯ ಮಂದಿಯೂ ನೆಲದ ಮೇಲಿದ್ದ ಒಬ್ಬರೂ ಮೃತರಾದರು. ವೇಗವು ಕುಗ್ಗಿ ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಳ್ಳಲಿವೆಯೆಂದು ಯಂತ್ರವು ಎಚ್ಚರಿಸಿದಾಗ ವಿಮಾನದ ಮೂತಿಯನ್ನು ತಗ್ಗಿಸಬೇಕಾಗಿದ್ದ ಕ್ಯಾಪ್ಟನ್ನರು ಅದನ್ನು ಮೇಲಕ್ಕೆತ್ತಿದರೆಂದು ವಿಚಾರಣೆಯಲ್ಲಿ ತಿಳಿಯಿತು. ಮೃತರ ಬಂಧುಗಳು ಬಿಡದೆ ಹೋರಾಡಿದ್ದರಿಂದ ೨೦೧೦ರಲ್ಲಿ ಅಮೇರಿಕದ ಶಾಸನಸಭೆಯು ಕಾಯಿದೆಯನ್ನು ಮಾಡಿತು. ೨೦೧೩ರಿಂದ ಕಂಪನಿಯ ವಿಮಾನದಲ್ಲಿ ಸಹಚಾಲಕನಾಗುವವನಿಗೂ ಸಾಮಾನ್ಯವಾಗಿ ೧,೫೦೦ ಗಂಟೆಗಳ ಹಾರಾಟವು ಕಡ್ಡಾಯವಾಯಿತು. ಆದರೆ ಮಾನ್ಯತೆ ಪಡೆದ ವಿದ್ಯಾಪೀಠದಲ್ಲಿ ವಿಮಾನವಿದ್ಯೆಯ ಪದವಿಯನ್ನು ಪಡೆದವನಿಗೆ ೧,೦೦೦ ಗಂಟೆಗಳು ಸಾಕು. ಎರಡು ವರ್ಷಗಳ ಕಿರಿಯ ಪದವಿಯವನಿಗೆ ೧,೨೫೦ ಸಾಕು. ಅಂದರೆ ಕಾನೂನೇ ಕಾಲೇಜಿನ ಓದನ್ನು ತಕ್ಕಡಿಯಲ್ಲಿಟ್ಟು ೫೦೦ ಗಂಟೆಗಳ ಹಾರಾಟಕ್ಕೆ ಸಮನೆಂದು ತೂಗಿಕೊಟ್ಟಿತು.

ಈ ತೂಕವನ್ನು ನಾವು ಸರಿಯೆಂದೇ ಎಣಿಸುತ್ತೇವೆ. ಬಫಲೋ ದುರಂತದ ಇಬ್ಬರು ವೈಮಾನಿಕರಲ್ಲಿ ಯಾರಿಗೂ ಗಂಟೆಗಳ ಕೊರತೆಯಿರಲಿಲ್ಲ. ಇಬ್ಬರೂ ಎರಡು ಸಾವಿರಕ್ಕಿಂತ ಹೆಚ್ಚು ಗಂಟೆಗಳನ್ನು ಹಾರಿದ್ದರು. ಹಾಗಾದರೆ ಕೊರತೆಯಾಗಿದ್ದುದು ಗಂಟೆಯಲ್ಲ; ಸಂಕಟದ ಕ್ಷಣದಲ್ಲಿ ಸರಿಯಾದುದನ್ನೇ ಮಾಡುವ ಸಂಸ್ಕಾರ. ಶುಭ್ರವಾದ ಆಕಾಶದಲ್ಲಿ ಒಂದೇ ಊರನ್ನು ಸಾವಿರ ಸಲ ಸುತ್ತಿದವನು ಒಂದು ಗಂಟೆಯ ಅನುಭವವನ್ನೇ ಸಾವಿರ ಸಲ ಪಡೆದಿರುತ್ತಾನೆ. ಮೋಡವೇಕೆ ಕಟ್ಟುತ್ತದೆ, ರೆಕ್ಕೆಯ ಮೇಲೆ ಮಂಜು ಹೇಗೆ ಕೂರುತ್ತದೆ, ನಿದ್ದೆಗೆಟ್ಟ ಮನಸ್ಸು ಹೇಗೆ ತಪ್ಪುತ್ತದೆ, ಹಿರಿಯನು ತಪ್ಪಿದಾಗ ಪಕ್ಕದಲ್ಲಿರುವ ಕಿರಿಯನು ಹೇಗೆ ಮಾತನಾಡಬೇಕು ಎಂಬಿವೆಲ್ಲ ಶಾಸ್ತ್ರವಾಗಿ ಕಲಿಯಬೇಕಾದ ವಿಷಯಗಳು. ಮೇಲಾಗಿ ವೈಮಾನಿಕನ ವೃತ್ತಿಯು ಅವನ ಕಣ್ಣು, ಕಿವಿ, ಹೃದಯಗಳನ್ನು ಆಧರಿಸಿ ನಿಂತಿದೆ. ವೈದ್ಯಪರೀಕ್ಷೆಯಲ್ಲಿ ಒಂದು ದಿನ ಅನುತ್ತೀರ್ಣನಾದರೆ ಮೂವತ್ತನೆಯ ವಯಸ್ಸಿನಲ್ಲಿಯೇ ಅವನು ನೆಲದ ಮೇಲೆ ನಿಂತುಬಿಡಬೇಕಾಗುತ್ತದೆ. ಆಗ ಕೈಯಲ್ಲೊಂದು ಪದವಿಯಿದ್ದವನಿಗೂ ಕೇವಲ ಲೈಸೆನ್ಸಿದ್ದವನಿಗೂ ಇರುವ ಅಂತರವನ್ನು ಸಂಸಾರಸ್ಥರೆಲ್ಲರೂ ಬಲ್ಲರು.

ಇಷ್ಟರ ಮಟ್ಟಿಗೆ ಅಮೇರಿಕದ ಪದ್ಧತಿಯು ಅನುಕರಣೀಯವೇ ಸರಿ. ಆದರೆ ಅದರ ಮತ್ತೊಂದು ಮುಖವನ್ನು ಮರೆಮಾಡುವುದು ಪ್ರಾಮಾಣಿಕತೆಯಾಗದು. ೧೯೪೪ರಲ್ಲಿ ಸರಕಾರವು ಕೈತೆಗೆದ ಮೇಲೆ ಹಾರಾಟದ ವೆಚ್ಚವೆಲ್ಲ ವಿದ್ಯಾರ್ಥಿಯ ತಲೆಯ ಮೇಲೆ ಬಿದ್ದಿತು. ಇಂದು ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವನ್ನು ಬಿಟ್ಟು ಹಾರಾಟಕ್ಕೆಂದೇ ತೆರಬೇಕಾದ ಹಣವು ಒಂದು ಲಕ್ಷ ಡಾಲರಿನ ಆಸುಪಾಸಿಗೆ ಮುಟ್ಟುತ್ತದೆ. ತಂದೆತಾಯಿಗಳ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಪದವಿಯ ವ್ಯಾಸಂಗಕ್ಕಾಗಿ ಕೇಂದ್ರ ಸರಕಾರವು ಅವನ ಹೆಸರಿನಲ್ಲಿ ಕೊಡುವ ಸಾಲದ ಒಟ್ಟು ಮಿತಿಯಾದರೋ ೩೧,೦೦೦ ಡಾಲರುಗಳು. ಉಳಿದುದನ್ನು ತಂದೆತಾಯಿಗಳು ಮನೆಯನ್ನು ಒತ್ತೆಯಿಟ್ಟೋ, ಖಾಸಗಿ ಸಾಹುಕಾರರ ಬಡ್ಡಿಗೆ ತಲೆಯೊಡ್ಡಿಯೋ ತರಬೇಕು. ಬಡ ಕರಿಯ ಹುಡುಗನನ್ನು ೧೯೩೯ರಲ್ಲಿ ಆಕಾಶಕ್ಕೇರಿಸಿದ ಅದೇ ಕಾಲೇಜಿನ ಬಾಗಿಲಿನಲ್ಲಿ ಇಂದು ಹಣದ ಕಾವಲುಗಾರನು ನಿಂತಿದ್ದಾನೆ. ಕಾಲೇಜಿನ ಶಿಕ್ಷಣವು ಇದ್ದರಷ್ಟೇ ಸಾಲದು, ಅದರ ವೆಚ್ಚದ ಹೊಣೆಯನ್ನು ಯಾರು ಹೊರುತ್ತಾರೆಂಬುದೇ ಮುಖ್ಯವೆಂದು ನಾವು ಹೇಳುವುದು ಈ ಕಾರಣದಿಂದ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಭಾರತದಲ್ಲಿ ವಾಣಿಜ್ಯ ವೈಮಾನಿಕನ ಲೈಸೆನ್ಸಿಗೆ ೨೦೦ ಗಂಟೆಗಳ ಹಾರಾಟವು ಬೇಕು. ಅದರಲ್ಲಿ ೧೦೦ ಗಂಟೆಗಳನ್ನು ಅಭ್ಯರ್ಥಿಯು ವಿಮಾನದ ಮುಖ್ಯ ಹೊಣೆಗಾರನಾಗಿ ಹಾರಿರಬೇಕು. ಹವಾಮಾನ, ದಿಕ್ಕು ನಿರ್ಣಯ, ವಾಯುಸಂಚಾರದ ನಿಯಮಗಳು, ಯಂತ್ರವಿಷಯಗಳು ಇವುಗಳಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ನಡೆಸುವ ಪರೀಕ್ಷೆಗಳನ್ನು ದಾಟಬೇಕು. ಪದವಿಯು ಬೇಕಾಗಿಲ್ಲ. ಲೈಸೆನ್ಸಿನ ಮೇಲೆ, ಕಂಪನಿಗಳು ಹಾರಿಸುವ ದೊಡ್ಡ ವಿಮಾನವೊಂದನ್ನು ನಡೆಸುವ ವಿಶೇಷ ತರಬೇತಿಗೆ ಮತ್ತೆ ಹಲವು ಲಕ್ಷ ರೂಪಾಯಿಗಳು ಬೇಕು. ಬ್ಯಾಂಕುಗಳು ವಿದ್ಯಾಸಾಲವನ್ನು ಕೊಡುವುದುಂಟು. ಆದರೆ ಅವುಗಳ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷಕ್ಕೆ ಮೀರಿದ ಸಾಲಕ್ಕೆ ಆಸ್ತಿಯ ಆಧಾರವನ್ನು ಕೇಳುವುದು ನಿಯಮ. ಹೊಲ ಮಾರಿದರೂ ಅರ್ಧ ಕೋಟಿಯಾಗದ ರೈತನ ಮಗನೂ, ಬಾಡಿಗೆ ಮನೆಯಲ್ಲಿರುವ ಉಪಾಧ್ಯಾಯನ ಮಗಳೂ ಇಲ್ಲಿಯೇ ನಿಂತುಬಿಡುತ್ತಾರೆ. ಹಣವುಳ್ಳವರಲ್ಲಿ ಅನೇಕರು ಇಲ್ಲಿಯ ಶಾಲೆಗಳ ನಿಧಾನವನ್ನು ತಾಳಲಾರದೆ ಅಮೇರಿಕಕ್ಕೋ ದಕ್ಷಿಣ ಆಫ್ರಿಕಕ್ಕೋ ಹೋಗಿ ಕಲಿತು ಬರುತ್ತಾರೆ. ದೇಶದ ಹಣವೂ ಅವರೊಡನೆ ಹೋಗುತ್ತದೆ.

ಆದರೂ ನಮ್ಮಲ್ಲಿ ಅಡಿಪಾಯವೇ ಇಲ್ಲವೆಂದು ಯಾರೂ ಎದೆಗುಂದಬೇಕಾಗಿಲ್ಲ. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ ೧೯೮೫ರಲ್ಲಿ ಕೇಂದ್ರ ಸರಕಾರವು ಸ್ಥಾಪಿಸಿದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಿದೆ. ಅದೇ ಊರಿನಲ್ಲಿ ೨೦೧೩ರ ಕಾಯಿದೆಯ ಮೇರೆಗೆ ವಿಮಾನಯಾನಕ್ಕೇ ಮೀಸಲಾದ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಇದೆ. ಕಾಲೇಜು ವಿದ್ಯಾರ್ಥಿಗಳಿಗೆ ಹಾರಾಟದ ರುಚಿಯನ್ನು ತೋರಿಸುವ ಎನ್‌.ಸಿ.ಸಿ.ಯ ವೈಮಾನಿಕ ವಿಭಾಗವಿದೆ; ಅಲ್ಲಿ ಸಣ್ಣ ವಿಮಾನದಲ್ಲಿ ಮೊದಲ ಬಾರಿಗೆ ನೆಲವನ್ನು ಬಿಟ್ಟು ಮೇಲಕ್ಕೇರಿದ ಸಾಮಾನ್ಯ ಮನೆಯ ಮಕ್ಕಳು ಎಷ್ಟೋ ಮಂದಿ. ಆದರೆ ರುಚಿ ತೋರಿಸಿದ ಮೇಲೆ ಊಟಕ್ಕೆ ಕರೆಯುವವರಿಲ್ಲ.

ಕನ್ನಡ ನಾಡಿನ ಹಕ್ಕಂತೂ ವಿಶೇಷವಾದದ್ದು. ಮೈಸೂರು ಸರಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೨ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗವು ತೆರೆಯಿತು. ಅದೇ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಜಕ್ಕೂರಿನಲ್ಲಿ ಸರಕಾರಿ ಹಾರಾಟದ ಶಾಲೆಯನ್ನು ನಿಲ್ಲಿಸಿತು. ೧೯೫೧ರಲ್ಲಿ ಡಾಕ್ಟರ್ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ನಿರ್ಮಾಣವಾದ ಎಚ್.ಟಿ.–೨ ಎಂಬ ವಿಮಾನವು ಬೆಂಗಳೂರಿನ ಆಕಾಶದಲ್ಲಿ ಹಾರಿತು. ಅದು ಶಿಷ್ಯರಿಗೆ ಕಲಿಸುವುದಕ್ಕೆಂದೇ ಮಾಡಿದ ವಿಮಾನ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ರಚಿಸಿದ ಹಂಸ ಎಂಬ ಎರಡು ಆಸನಗಳ ತರಬೇತಿ ವಿಮಾನವು ೧೯೯೩ರಲ್ಲಿಯೂ, ಅದರ ಹೊಸ ರೂಪವು ೨೦೨೧ರಲ್ಲಿಯೂ ಮೊದಲು ಹಾರಿದವು. ಕಲಿಯುವ ವಿಮಾನವನ್ನು ತಾನೇ ಮಾಡಬಲ್ಲ ನಾಡು, ಕಲಿಯುವ ಶಾಲೆಯನ್ನು ಎಪ್ಪತ್ತೈದು ವರ್ಷಗಳ ಹಿಂದೆಯೇ ತೆರೆದ ನಾಡು, ತನ್ನ ಮಕ್ಕಳನ್ನು ಕಲಿಯುವುದಕ್ಕಾಗಿ ಪರದೇಶಕ್ಕೆ ಕಳುಹಿಸುವುದೆಂದರೆ ಬಾವಿಯ ಕಟ್ಟೆಯ ಮೇಲೆ ಕುಳಿತು ಬಾಯಾರಿದಂತೆ. ಜಕ್ಕೂರಿನ ಶಾಲೆಯಲ್ಲಿ ನಡುನಡುವೆ ಪಾಠವು ನಿಲ್ಲುವುದೂ ಮತ್ತೆ ಹೊರಡುವುದೂ ಆಗಿರುವುದಕ್ಕೆ ಅದು ಯಾವ ವಿಶ್ವವಿದ್ಯಾನಿಲಯದ ಅಂಗವೂ ಆಗದೆ ಒಂಟಿಯಾಗಿ ಉಳಿದದ್ದು ಒಂದು ಕಾರಣವೆಂದು ನಾವು ನಂಬುತ್ತೇವೆ. ವಿಶ್ವವಿದ್ಯಾನಿಲಯದಲ್ಲಿ ಒಂದು ವಿಭಾಗವು ಮುಚ್ಚಿದರೆ ಕೇಳುವವರು ನೂರು ಮಂದಿ. ಒಂಟಿ ಶಾಲೆಯ ಬಾಗಿಲು ಮುಚ್ಚಿದರೆ ಕೇಳುವವರಿಲ್ಲ.

ದೇಶದ ಅಗತ್ಯವೆಷ್ಟೆಂಬುದಕ್ಕೆ ದೂರದ ಭವಿಷ್ಯವನ್ನು ನೋಡಬೇಕಾಗಿಲ್ಲ. ೨೦೨೩ರ ಒಂದೇ ವರ್ಷದಲ್ಲಿ ನಮ್ಮ ಎರಡು ವಿಮಾನ ಸಂಸ್ಥೆಗಳು ೪೭೦ ಮತ್ತು ೫೦೦ ಹೊಸ ವಿಮಾನಗಳಿಗೆ ಬೇಡಿಕೆಯನ್ನು ಸಲ್ಲಿಸಿದವು. ವೈಮಾನಿಕರ ವಾರದ ವಿಶ್ರಾಂತಿಯನ್ನು ೩೬ ಗಂಟೆಗಳಿಂದ ೪೮ ಗಂಟೆಗಳಿಗೆ ಏರಿಸಿ, ರಾತ್ರಿಯ ದುಡಿಮೆಯನ್ನು ಮಿತಗೊಳಿಸಿದ ಹೊಸ ನಿಯಮಗಳು ೨೦೨೫ರಲ್ಲಿ ಜಾರಿಗೆ ಬಂದವು. ಆ ವರ್ಷದ ಡಿಸೆಂಬರಿನಲ್ಲಿ ದೇಶದ ಅತಿದೊಡ್ಡ ವಿಮಾನ ಸಂಸ್ಥೆಯು ಆ ನಿಯಮಕ್ಕೆ ತಕ್ಕಷ್ಟು ಮಂದಿಯನ್ನು ಹೊಂದಿಸಲಾರದೆ ಸಾವಿರಾರು ಸಂಚಾರಗಳನ್ನು ರದ್ದುಮಾಡಿತು. ಮದುವೆಗೆ ಹೊರಟವರೂ ಆಸ್ಪತ್ರೆಗೆ ಹೊರಟವರೂ ನಿಲ್ದಾಣಗಳಲ್ಲಿ ರಾತ್ರಿಯನ್ನು ಕಳೆದರು. ನಿಯಮವು ನ್ಯಾಯವಾದದ್ದು, ನಿದ್ದೆಗೆಟ್ಟವನ ಕೈಯಲ್ಲಿ ಇನ್ನೂರು ಪ್ರಾಣಗಳನ್ನಿಡುವುದನ್ನು ಯಾರೂ ಒಪ್ಪರು. ಕೊನೆಗೆ ಸಡಿಲಿಸಿದ್ದಾದರೋ ಆ ವಿಶ್ರಾಂತಿಯ ನಿಯಮವನ್ನೇ, ಅದೂ ತಾತ್ಕಾಲಿಕವಾಗಿ ಎಂಬ ಹೆಸರಿನಲ್ಲಿ. ಸಾಕಷ್ಟು ವೈಮಾನಿಕರನ್ನು ಸಕಾಲದಲ್ಲಿ ತಯಾರಿಸದ ದೇಶವು ಇರುವವರ ನಿದ್ದೆಯನ್ನು ಕದಿಯಬೇಕಾಗುತ್ತದೆ.

ನಮ್ಮ ಸಲಹೆಗೆ ಎದುರಾಗಿ ಎರಡು ಆಕ್ಷೇಪಣೆಗಳು ಬರಬಹುದು. ಮುಂದೆ ತಿಂಗಳಿಗೆ ಲಕ್ಷಗಟ್ಟಲೆ ಸಂಬಳವನ್ನು ಪಡೆಯುವವನ ಶಿಕ್ಷಣಕ್ಕೆ ಬಡವನ ತೆರಿಗೆಯ ಹಣವನ್ನೇಕೆ ಕೊಡಬೇಕು ಎಂಬುದು ಮೊದಲನೆಯದು. ಮಾತು ನ್ಯಾಯವಾದದ್ದೇ. ಆದಕಾರಣವೇ ನಾವು ದಾನವನ್ನು ಕೇಳುತ್ತಿಲ್ಲ, ಮುಂಗಡವನ್ನು ಕೇಳುತ್ತಿದ್ದೇವೆ. ಯೋಗ್ಯತೆಯಿಂದ ಆಯ್ಕೆಯಾದ ವಿದ್ಯಾರ್ಥಿಯ ವೆಚ್ಚವನ್ನು ಸರಕಾರವು ಮೊದಲು ತೆರಲಿ. ಅವನಿಗೆ ಕೆಲಸ ಸಿಕ್ಕಿದ ಮೇಲೆ ಸಂಬಳದಲ್ಲಿ ಇಂತಿಷ್ಟು ಪಾಲನ್ನು ವರ್ಷವರ್ಷವೂ ಹಿಂದಕ್ಕೆ ಪಡೆಯಲಿ. ಕೆಲಸ ಸಿಕ್ಕದಿದ್ದಲ್ಲಿ ಅಥವಾ ಆರೋಗ್ಯ ಕೆಟ್ಟಲ್ಲಿ ವಸೂಲಿಯನ್ನು ನಿಲ್ಲಿಸಲಿ. ತಯಾರಾದ ವೈಮಾನಿಕರಿಂದ ಲಾಭ ಪಡೆಯುವ ವಿಮಾನ ಕಂಪನಿಗಳೂ ಆ ನಿಧಿಗೆ ತಮ್ಮ ಪಾಲನ್ನು ಸಲ್ಲಿಸಲಿ. ಹೀಗೆ ಒಬ್ಬನು ತೀರಿಸಿದ ಹಣವು ಮತ್ತೊಬ್ಬನನ್ನು ಆಕಾಶಕ್ಕೇರಿಸುತ್ತದೆ. ಇಂದಿನ ಏರ್ಪಾಡಿನಲ್ಲಿ ಅಪಾಯವೆಲ್ಲವೂ ಹದಿನೆಂಟು ವರ್ಷದ ಹುಡುಗನದು, ಅವನ ತಂದೆಯ ಮನೆಯದು, ಫಲವನ್ನುಣ್ಣುವವರು ಎಲ್ಲರೂ.

ಎರಡನೆಯ ಆಕ್ಷೇಪಣೆ, ಖಾಸಗಿ ಶಾಲೆಗಳು ಇರುವಾಗ ವಿಶ್ವವಿದ್ಯಾನಿಲಯಗಳಿಗೆ ಈ ಹೊಸ ಹೊರೆಯೇಕೆ ಎಂಬುದು. ಅಮೇರಿಕದ ೧೯೩೯ರ ಏರ್ಪಾಡನ್ನೇ ಇದಕ್ಕೆ ಸಮಾಧಾನವಾಗಿ ತೋರಿಸುತ್ತೇವೆ. ಅಲ್ಲಿ ಕಾಲೇಜು ವಿಮಾನಗಳನ್ನು ಕೊಳ್ಳಬೇಕಾಗಿರಲಿಲ್ಲ. ಪಾಠ ಕಾಲೇಜಿನದು, ಹಾರಾಟ ಶಾಲೆಯದು, ಮೇಲ್ವಿಚಾರಣೆ ಸರಕಾರದ್ದು. ನಮ್ಮಲ್ಲಿಯೂ ಅದಕ್ಕೆ ಸ್ಥಳವು ಸಿದ್ಧವಾಗಿದೆ. ಹೊಸ ಹಾರಾಟದ ಶಾಲೆಗಳಿಗಾಗಿ ವಿಮಾನ ನಿಲ್ದಾಣಗಳ ಪ್ರಾಧಿಕಾರವು ೨೦೨೧ರಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ನಮ್ಮವು. ಎರಡೂ ಕಡೆಗಳಲ್ಲಿ ವಿಶ್ವವಿದ್ಯಾನಿಲಯಗಳಿವೆ. ಗಣಿತ, ಭೌತಶಾಸ್ತ್ರಗಳ ಅಧ್ಯಾಪಕರಿದ್ದಾರೆ. ನಿಲ್ದಾಣಕ್ಕೂ ವಿದ್ಯಾಪೀಠಕ್ಕೂ ನಡುವೆ ಇರುವ ಕೆಲವು ಮೈಲುಗಳ ದಾರಿಯನ್ನು ಒಂದು ಒಡಂಬಡಿಕೆಯಿಂದ ದಾಟಬಹುದು.

ಆದುದರಿಂದ ಅಧಿಕಾರಸ್ಥರ ಮುಂದೆ ನಾವು ಇಡುವ ಬೇಡಿಕೆಗಳು ಸ್ಪಷ್ಟವಾಗಿವೆ. ಜಕ್ಕೂರಿನ ಶಾಲೆಯನ್ನು ಬೆಂಗಳೂರಿನ ಒಂದು ವಿಶ್ವವಿದ್ಯಾನಿಲಯಕ್ಕೆ ಸೇರಿಸಿ ಪದವಿಯ ಪಾಠಕ್ರಮವನ್ನು ಏರ್ಪಡಿಸಬೇಕು. ಬೆಳಗಾವಿ, ಕಲಬುರಗಿಗಳಲ್ಲಿಯೂ ಇದೇ ಮಾದರಿಯನ್ನು ಕ್ರಮವಾಗಿ ಅನುಸರಿಸಬೇಕು. ಮೇಲೆ ಹೇಳಿದ ಮುಂಗಡದ ನಿಧಿಯನ್ನು ಕಾಯಿದೆಯ ಮೂಲಕವೇ ಸ್ಥಾಪಿಸಬೇಕು. ವರ್ಷದ ಅಂದಾಜು ಪಟ್ಟಿಯ ದಯೆಗೆ ಅದನ್ನು ಬಿಡಬಾರದು. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಎಷ್ಟು ಕಾಲದಲ್ಲಿ ಲೈಸೆನ್ಸು ಪಡೆದರು, ಎಷ್ಟು ಮಂದಿಗೆ ಕೆಲಸ ದೊರೆಯಿತು ಎಂಬ ಲೆಕ್ಕವನ್ನು ಹಾರಾಟದ ಶಾಲೆಗಳೆಲ್ಲವೂ ಪ್ರತಿವರ್ಷ ಪ್ರಕಟಿಸುವಂತೆ ಕಡ್ಡಾಯ ಮಾಡಬೇಕು; ಹಣ ಕಟ್ಟುವ ತಂದೆಗೆ ಇಷ್ಟನ್ನು ತಿಳಿಯುವ ಹಕ್ಕಾದರೂ ಇರಬೇಕು. ಸ್ತ್ರೀಯರ ವಿಚಾರದಲ್ಲಿ ನಮ್ಮ ದೇಶವು ಈಗಾಗಲೇ ಜಗತ್ತಿಗೆ ಮೇಲ್ಪಂಕ್ತಿಯಾಗಿದೆ. ನಮ್ಮ ವೈಮಾನಿಕರಲ್ಲಿ ಸುಮಾರು ಶೇಕಡ ೧೫ ಮಂದಿ ಸ್ತ್ರೀಯರು, ಜಗತ್ತಿನ ಸರಾಸರಿಯು ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಹೆಣ್ಣೆಂಬ ತಡೆಯನ್ನು ಇಷ್ಟರ ಮಟ್ಟಿಗೆ ದಾಟಿದ ದೇಶವು ಬಡತನವೆಂಬ ತಡೆಯನ್ನು ದಾಟಲಾರದೆಂದು ಹೇಳುವುದಕ್ಕೆ ಯಾವ ಆ‍ಧಾರವೂ ಇಲ್ಲ.

ವಿಮಾನಗಳನ್ನು ಹಣದಿಂದ ಕೊಳ್ಳಬಹುದು. ನಿಲ್ದಾಣಗಳನ್ನು ಎರಡು ವರ್ಷಗಳಲ್ಲಿ ಕಟ್ಟಬಹುದು. ವೈಮಾನಿಕನನ್ನು ಮಾತ್ರ ವಿದ್ಯೆಯಿಂದ, ಕಾಲದಿಂದ, ತಾಳ್ಮೆಯಿಂದ ಬೆಳೆಸಬೇಕು. ನಮ್ಮ ಹಿರಿಯರು ಊರ ಜನರ ಚಂದಾ ಹಣದಿಂದಲೂ ವಾರಾನ್ನದಿಂದಲೂ ಬಡ ಹುಡುಗರನ್ನು ಓದಿಸಿ ನ್ಯಾಯಾಧೀಶರನ್ನಾಗಿಯೂ ವೈದ್ಯರನ್ನಾಗಿಯೂ ಮಾಡಿದರು. ಆ ಕಾಲದಲ್ಲಿ ದೇಶವು ಬಡವಾಗಿತ್ತು, ಮನಸ್ಸು ದೊಡ್ಡದಾಗಿತ್ತು. ಇಂದು ದೇಶದ ಕೈಯಲ್ಲಿ ಹಣವಿದೆ. ಆಕಾಶವನ್ನು ನೋಡುತ್ತ ನಿಂತಿರುವ ಹಳ್ಳಿಯ ಹುಡುಗನಿಗೆ ಅದು ಯಾರ ಆಕಾಶವೆಂದು ಹೇಳಬೇಕಾದ ಹೊಣೆಯು ಸರಕಾರದ್ದೂ ವಿದ್ಯಾಪೀಠಗಳದ್ದೂ ಆಗಿದೆ. ಬರುವ ವಿಧಾನಮಂಡಲದ ಅಧಿವೇಶನದಲ್ಲಿಯಾದರೂ ಪ್ರಜಾಪ್ರತಿನಿಧಿಗಳು ಈ ವಿಷಯವನ್ನೆತ್ತಿ ಸರಕಾರದಿಂದ ಸ್ಪಷ್ಟವಾದ ಉತ್ತರವನ್ನು ಪಡೆಯುವರೆಂದು ನಾವು ನಿರೀಕ್ಷಿಸುತ್ತೇವೆ.